ಟೈಲರ್ ಪುಸ್ತಕದ ಮೂವತ್ತು ಇಂಚು

ಅಕ್ಕನ ಮಗಳ ಮದುವೆಗೆ ಒಂದು ಪ್ಯಾಂಟು ಹೊಲಿಸೋಣ ಅಂತ 2023ರ ನವೆಂಬರಿನಲ್ಲಿ ಅರಸೀಕೆರೆಗೆ ಹೋಗಿದ್ದೆ. ಬೆಂಗಳೂರಿನಲ್ಲಿ ಟೈಲರುಗಳಿಲ್ಲ ಅಂತಲ್ಲ. ನನ್ನ ಮದುವೆಯ ಬಟ್ಟೆ ಹೊಲಿದುಕೊಟ್ಟಿದ್ದು ಅಲ್ಲಿನ ಟೈಲರ್ ಒಬ್ಬರು, ಆ ಒಂದು ನಂಟು. ಅಳತೆ ತೆಗೆಯುವ ಮೊದಲು ಅವರು ಮೇಲಿನ ಹಲಗೆಯಿಂದ ರಟ್ಟು ಹರಿದ ದಪ್ಪ ಪುಸ್ತಕವೊಂದನ್ನು ಇಳಿಸಿದರು. 2005ರದ್ದು. ಗಿರಾಕಿಗಳ ಅಳತೆ ಬರೆದ ಪುಸ್ತಕವನ್ನು ಅವರು ಎಸೆಯುವುದೇ ಇಲ್ಲವಂತೆ. ಪುಟ ತಿರುವಿ, ನನ್ನ ಹೆಸರಿನ ಮೇಲೆ ಬೆರಳಿಟ್ಟು, "ಸೊಂಟ ಮೂವತ್ತು" ಅಂದರು. ಆಮೇಲೆ ಟೇಪು ಹಿಡಿದು ನನ್ನನ್ನು ಒಂದು ಸುತ್ತು ಬಳಸಿದರು. "ನಲವತ್ತೊಂದು."

ನಾನು ವಾದಕ್ಕೆ ನಿಂತೆ. "ಇಲ್ಲ ಅಣ್ಣ, ನಾನು ಹಾಕೋದು ಮೂವತ್ತಾರರ ಪ್ಯಾಂಟು."

ಅವರು ನಗಲೂ ಇಲ್ಲ. "ಅದು ಹೊಟ್ಟೆ ಕೆಳಗೆ ಕಟ್ಟೋ ಪ್ಯಾಂಟು ಕಣಪ್ಪ. ನಾನು ಅಳೀತಿರೋದು ಹೊಟ್ಟೆ."

ಇಷ್ಟು ವರ್ಷ ನಾನು ನನಗೇ ಹೇಳಿಕೊಂಡು ಬಂದಿದ್ದ ಸುಳ್ಳು ಆ ಒಂದು ಮಾತಿಗೆ ಬಿದ್ದುಹೋಯಿತು. ಹೊಟ್ಟೆ ಮುಂದೆ ಬಂದ ಹಾಗೆಲ್ಲ ಬೆಲ್ಟು ಕೆಳಗೆ ಜಾರುತ್ತದೆ, ಪ್ಯಾಂಟಿನ ಸೈಜು ಮಾತ್ರ ಅಲ್ಲೇ ಇರುತ್ತದೆ. ನಾವು ಗಂಡಸರು ಇದನ್ನು ನೋಡಿ "ನಾನೇನೂ ಅಷ್ಟು ದಪ್ಪ ಆಗಿಲ್ಲ" ಅಂತ ನೆಮ್ಮದಿಯಾಗಿ ಇರುತ್ತೇವೆ. ಡಾಕ್ಟರುಗಳು ಸೊಂಟದ ಸುತ್ತಳತೆ ಅನ್ನುವುದು ಬೆಲ್ಟು ಕಟ್ಟುವ ಜಾಗವನ್ನಲ್ಲ, ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವಿನ ಜಾಗವನ್ನು. ಹೆಚ್ಚುಕಮ್ಮಿ ಹೊಕ್ಕುಳಿನ ಮಟ್ಟ. ಭಾರತದ ಗಂಡಸರಿಗೆ ಅದು 90 ಸೆಂಟಿಮೀಟರ್ ದಾಟಬಾರದು, ಹೆಂಗಸರಿಗೆ 80. ಟೈಲರ್ ಲೆಕ್ಕದಲ್ಲಿ ಮೂವತ್ತೈದೂವರೆ, ಮೂವತ್ತೊಂದೂವರೆ ಇಂಚು. ನನ್ನದು 104 ಸೆಂಟಿಮೀಟರ್.

ನಾನು ಕೆಲಸ ಮಾಡುವುದು ಅಕೌಂಟ್ಸ್ ವಿಭಾಗದಲ್ಲಿ. ಬೇರೆಯವರ ಲೆಕ್ಕದಲ್ಲಿ ನೂರು ರೂಪಾಯಿ ಹೆಚ್ಚುಕಮ್ಮಿ ಆದರೂ ಹುಡುಕಿ ತೆಗೆಯುವವನು. ವಾಪಸು ಬರುವ ರೈಲಿನಲ್ಲಿ ಸುಮ್ನೆ ಕೂತು ನನ್ನದೇ ಲೆಕ್ಕ ಹಾಕಿದೆ. ಮದುವೆಯಾದಾಗ 64 ಕೆಜಿ, ಈಗ 86. ಹದಿನೆಂಟು ವರ್ಷದಲ್ಲಿ 22 ಕೆಜಿ. ಅಂದರೆ ವರ್ಷಕ್ಕೆ ಒಂದು ಕೆಜಿ ಚಿಲ್ಲರೆ, ತಿಂಗಳಿಗೆ ಸುಮಾರು ನೂರು ಗ್ರಾಂ. ಒಂದು ಸಣ್ಣ ಬಿಸ್ಕತ್ ಪ್ಯಾಕೆಟ್ಟಿನ ತೂಕ! ಒಂದು ಕೆಜಿ ಕೊಬ್ಬಿನಲ್ಲಿ ಸುಮಾರು 7700 ಕ್ಯಾಲೊರಿ ಇರುತ್ತದೆ. ಆ ಲೆಕ್ಕಕ್ಕೆ ತಿಂಗಳಿಗೆ ನೂರು ಗ್ರಾಂ ಅಂದರೆ ದಿನಕ್ಕೆ ಇಪ್ಪತ್ತೈದು ಕ್ಯಾಲೊರಿ ಜಾಸ್ತಿ, ಒಂದೂವರೆ ಟೀ ಚಮಚ ಸಕ್ಕರೆಯಷ್ಟು. ಮೈ ಅಷ್ಟು ಸರಳವಾದ ಲೆಡ್ಜರ್ ಅಲ್ಲ ಅನ್ನುವುದು ಆಮೇಲೆ ಗೊತ್ತಾಯಿತು. ತೂಕ ಏರಿದ ಹಾಗೆ ಅದನ್ನು ಹೊತ್ತು ನಡೆಯುವ ಖರ್ಚೂ ಏರುತ್ತದೆ, ಹಾಗಾಗಿ ನಿಜವಾಗಿ ನಾನು ತಿಂದದ್ದು ಇದಕ್ಕಿಂತ ಜಾಸ್ತಿಯೇ. ಆದರೂ ಒಂದು ವಿಷಯ ಸ್ಪಷ್ಟವಾಯಿತು. ನಾನು ಯಾವತ್ತೂ ಹೊಟ್ಟೆಬಾಕನಾಗಿರಲಿಲ್ಲ. ನಮ್ಮ ಮನೆಯಲ್ಲಿ ಯಾರೂ ಅಲ್ಲ. ಎಲ್ಲರ ಮನೆಯ ಹಾಗೆ ತಿಂದು, ಎಲ್ಲರ ಹಾಗೆ ಕೂತು, ಎಲ್ಲರ ಹಾಗೆ ದಪ್ಪ ಆಗಿದ್ದೆ.

ಇದರ ನಡುವೆ ಯಾರೂ ಎಚ್ಚರಿಸಲಿಲ್ಲವಾ ಅಂದರೆ, ನಮ್ಮ ಕಡೆ ದಪ್ಪ ಆಗುವುದಕ್ಕೆ ಇರುವ ಮಾತುಗಳೇ ಹಾಗಿವೆ. "ಚೆನ್ನಾಗಾಗಿದೀಯ", "ಮೈ ತುಂಬ್ಕೊಂಡಿದೀಯ", "ಹೆಂಡ್ತಿ ಚೆನ್ನಾಗಿ ನೋಡ್ಕೊತಾಳೆ". ಒಂದು ಕೆಜಿ ಇಳಿದರೆ "ಯಾಕೋ ಸೊರಗಿ ಹೋಗಿದೀಯ, ಹುಷಾರಿಲ್ವಾ?" ನನ್ನ ಅಮ್ಮ ಇವತ್ತಿಗೂ ನನ್ನನ್ನು ನೋಡಿದ ತಕ್ಷಣ ಹೇಳುವುದು ಇದನ್ನೇ, 86 ಕೆಜಿ ಇದ್ದಾಗಲೂ ಹೇಳುತ್ತಿದ್ದಳು. ಅವಳು ಕಂಡ ಕಾಲದಲ್ಲಿ ಸಣಕಲು ಮೈ ಅಂದರೆ ಬಡತನ ಇಲ್ಲವೇ ಕಾಯಿಲೆ, ಅವಳದ್ದೇನೂ ತಪ್ಪಿಲ್ಲ.

ಮದುವೆ ಮುಗಿಸಿ ಬಂದ ಮೇಲೆ ಮನೆ ಹತ್ತಿರದ ಡಾಕ್ಟರ್ ಹತ್ತಿರ ಹೋದೆ. ನಿಜ ಹೇಳಬೇಕೆಂದರೆ ಹೋಗಿದ್ದು ಸೊಂಟಕ್ಕಲ್ಲ, ಗೊರಕೆಗೆ. ನನ್ನ ಹೆಂಡತಿ ಒಂದು ರಾತ್ರಿ ಫೋನಿನಲ್ಲಿ ನನ್ನ ಗೊರಕೆ ರೆಕಾರ್ಡ್ ಮಾಡಿಟ್ಟಿದ್ದಳು. ಗೊರಕೆ ಜೋರಾಗಿರುವುದು ಬಿಡಿ, ಮದ್ದು ಹುಡುಕಿದ್ದು ಅದರ ನಡುವಿನ ನಿಶ್ಶಬ್ದಕ್ಕೆ. ಹತ್ತು ಹದಿನೈದು ಸೆಕೆಂಡು ಏನೂ ಸದ್ದಿಲ್ಲ, ಆಮೇಲೆ ನೀರಿನಿಂದ ಮೇಲೆದ್ದವನ ಹಾಗೆ ಒಂದು ಏದುಸಿರು. ಕೇಳಿದಾಗ ಕೈಕಾಲು ತಣ್ಣಗಾಯಿತು. ನಿದ್ದೆಯ ಟೆಸ್ಟ್ ಮಾಡಿಸಿದರು. ಗಂಟೆಗೆ ಹದಿನೆಂಟು ಸಲ ನನ್ನ ಉಸಿರು ನಿಲ್ಲುತ್ತಿತ್ತು ಇಲ್ಲವೇ ಕುಗ್ಗುತ್ತಿತ್ತು. ಕತ್ತಿನ ಸುತ್ತ, ನಾಲಿಗೆಯ ಬುಡದಲ್ಲಿ ಕೊಬ್ಬು ಸೇರಿ ಮಲಗಿದಾಗ ಗಾಳಿಯ ದಾರಿ ಕಟ್ಟಿಕೊಳ್ಳುವುದಂತೆ ಅದು, ಸ್ಲೀಪ್ ಆಪ್ನಿಯಾ. ಇದರಲ್ಲಿ ಒಂದು ವಿಷಚಕ್ರ ಇದೆ. ನಿದ್ದೆ ಕೆಟ್ಟರೆ ಹಸಿವು ಹೆಚ್ಚಿಸುವ ಹಾರ್ಮೋನು ಏರುತ್ತದೆ, ಹೊಟ್ಟೆ ತುಂಬಿತು ಅನ್ನುವ ಹಾರ್ಮೋನು ಇಳಿಯುತ್ತದೆ. ಮಧ್ಯಾಹ್ನ ಮೂರಕ್ಕೆ ಆಫೀಸಿನ ಕ್ಯಾಂಟೀನಿನಲ್ಲಿ ನಾನು ಬೋಂಡಾ ಹುಡುಕುತ್ತಿದ್ದದ್ದಕ್ಕೆ ಅರ್ಧ ಕಾರಣ ರಾತ್ರಿಯ ನಿದ್ದೆ ಅಂತ ಯಾರಿಗೆ ಗೊತ್ತಿತ್ತು.

ಉಳಿದ ರಿಪೋರ್ಟು ಬಂತು. ಬಿಪಿ 142/92. ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಎಚ್‌ಬಿಎ1ಸಿ 6.1. ಅದು 5.7ರಿಂದ 6.4ರ ತನಕ ಇದ್ದರೆ ಸಕ್ಕರೆ ಕಾಯಿಲೆಯ ಹೊಸ್ತಿಲು. ಸ್ಕ್ಯಾನಿನಲ್ಲಿ ಲಿವರಿನಲ್ಲಿ ಕೊಬ್ಬು. "ನಾನು ಕುಡಿಯೋದೇ ಇಲ್ಲವಲ್ಲ ಡಾಕ್ಟ್ರೇ" ಅಂದೆ. "ಕುಡಿಯದೇ ಇರೋರಿಗೇ ಈಗ ಜಾಸ್ತಿ ನೋಡ್ತಿದೀನಿ" ಅಂದರು.

ಅವರು ಅಂದು ಒಂದು ಕಥೆ ಹೇಳಿದರು, ಅದು ನನ್ನ ತಲೆಯಿಂದ ಹೋಗಿಲ್ಲ. ಪುಣೆಯ ಡಾಕ್ಟರ್ ಚಿತ್ತರಂಜನ್ ಯಾಜ್ಞಿಕ್ ಮತ್ತು ಲಂಡನ್ನಿನ ಜಾನ್ ಯುಡ್ಕಿನ್ ಜೊತೆಗೆ ನಿಂತು ತೆಗೆಸಿಕೊಂಡ ಫೋಟೊ ಒಂದು 2004ರಲ್ಲಿ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಬಂದಿತ್ತು. ಇಬ್ಬರ ಬಿಎಂಐ, ಅಂದರೆ ಎತ್ತರಕ್ಕೆ ಹೋಲಿಸಿ ತೂಕ ನೋಡುವ ಅಳತೆ, ಒಂದೇ, 22.3. ಎತ್ತರಕ್ಕೆ ತಕ್ಕ ತೂಕ, ಇಬ್ಬರೂ ನೋಡಲು ತೆಳ್ಳಗೆ. ಮೈಯೊಳಗಿನ ಕೊಬ್ಬು ಅಳೆದರೆ ಯುಡ್ಕಿನ್ ಅವರದ್ದು ಶೇ. 9.1, ಯಾಜ್ಞಿಕ್ ಅವರದ್ದು ಶೇ. 21.2. ನಮ್ಮವರ ಮೈಯೇ ಹಾಗೆ. ಸ್ನಾಯು ಕಡಿಮೆ, ಕೊಬ್ಬು ಜಾಸ್ತಿ, ಅದೂ ಹೊಟ್ಟೆಯೊಳಗೆ ಕರುಳು ಲಿವರುಗಳ ಸುತ್ತ. ಇದು ಹುಟ್ಟುವಾಗಲೇ ಇರುತ್ತದೆ ಅಂತಲೂ ಯಾಜ್ಞಿಕ್ ಅವರ ತಂಡ ತೋರಿಸಿದೆ. ಪುಣೆ ಕಡೆಯ ಹಳ್ಳಿಗಳ ಕೂಸುಗಳು ಸರಾಸರಿ 2.7 ಕೆಜಿ, ಇಂಗ್ಲೆಂಡಿನ ಕೂಸುಗಳು 3.5 ಕೆಜಿ. ಕೂಸು ಸಣ್ಣದಿದ್ದರೂ ಚರ್ಮದಡಿಯ ಕೊಬ್ಬು ಮಾತ್ರ ಅದರ ತೂಕಕ್ಕೆ ಹೋಲಿಸಿದರೆ ಉಳಿದುಕೊಂಡಿರುತ್ತದೆ, ಸೊರಗಿರುವುದು ಸ್ನಾಯು. ಈ ಕಾರಣಕ್ಕೇ ಬೇರೆಯವರಿಗೆ ಬಿಎಂಐ 25 ದಾಟಿದರೆ ಹೆಚ್ಚು ತೂಕ, 30 ದಾಟಿದರೆ ಬೊಜ್ಜು ಅಂದರೆ, ನಮಗೆ 23 ಮತ್ತು 25ಕ್ಕೇ ಗೆರೆ ಎಳೆದಿದ್ದಾರೆ. 168 ಸೆಂಟಿಮೀಟರ್ ಎತ್ತರದ, 86 ಕೆಜಿಯ ನಾನು 30.5. ಯಾವ ಗೆರೆ ಎಳೆದರೂ ಆಚೆ ಕಡೆಯವನೇ.

ಹೊಟ್ಟೆಯೊಳಗಿನ ಕೊಬ್ಬು ಸುಮ್ಮನೆ ಮೂಟೆಯ ಹಾಗೆ ಬಿದ್ದಿರುವುದಿಲ್ಲ ಅನ್ನುವುದೇ ತೊಂದರೆ. ಅದು ರಕ್ತಕ್ಕೆ ಕೊಬ್ಬನ್ನೂ ಉರಿಯೂತದ ರಾಸಾಯನಿಕಗಳನ್ನೂ ಬಿಡುತ್ತಲೇ ಇರುತ್ತದೆ, ಇನ್ಸುಲಿನ್ನಿನ ಮಾತನ್ನು ಮೈ ಕೇಳದ ಹಾಗೆ ಆಗುತ್ತದೆ, ಅಲ್ಲಿಂದ ಸಕ್ಕರೆ, ಬಿಪಿ, ಹೃದಯ, ಪಾರ್ಶ್ವವಾಯು ಎಲ್ಲ ಒಂದರ ಬೆನ್ನಿಗೆ ಒಂದು. ಹದಿಮೂರು ಬಗೆಯ ಕ್ಯಾನ್ಸರಿಗೂ ಹೆಚ್ಚು ತೂಕಕ್ಕೂ ನಂಟಿದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2016ರಲ್ಲೇ ಹೇಳಿದೆ, ಇದು ಜನಕ್ಕೆ ಅಷ್ಟಾಗಿ ಗೊತ್ತಿಲ್ಲ. ಮಂಡಿಯದ್ದು ಎಲ್ಲರಿಗೂ ಗೊತ್ತಿರುವ ಕಥೆ.

ಇನ್ನು ಇಳಿಸುವ ವಿಷಯ. ನಾನು ಇದಕ್ಕೂ ಮೊದಲು ಒಂದು ಸಲ ಇಳಿಸಿದ್ದೆ, ಅದನ್ನು ಹೇಳಲೇಬೇಕು. 2019ರಲ್ಲಿ ಪರಿಚಯದವರೊಬ್ಬರು ಒಂದು ಪೌಡರಿನ ಡಬ್ಬಿ ಮಾರಿದ್ದರು. ಬೆಳಿಗ್ಗೆ ರಾತ್ರಿ ಅದನ್ನು ಕಲಸಿ ಕುಡಿಯುವುದು, ಮಧ್ಯಾಹ್ನ ಒಂದು ಹೊತ್ತು ಊಟ. ಆರು ವಾರದಲ್ಲಿ ಆರು ಕೆಜಿ ಇಳಿದೆ, ಆಫೀಸಿನಲ್ಲಿ ಎಲ್ಲರಿಗೂ ಉಪದೇಶ ಮಾಡಿಕೊಂಡು ಓಡಾಡಿದೆ. ಮೊದಲ ವಾರ ಇಳಿದ ಎರಡು ಕೆಜಿಯಲ್ಲಿ ಬಹುಪಾಲು ನೀರು ಅಂತ ಆಗ ಗೊತ್ತಿರಲಿಲ್ಲ. ಮೈ ಪಿಷ್ಟವನ್ನು ಗ್ಲೈಕೋಜೆನ್ ಆಗಿ ಕೂಡಿಡುವಾಗ ಪ್ರತಿ ಗ್ರಾಮಿನ ಜೊತೆ ಸುಮಾರು ಮೂರು ಗ್ರಾಂ ನೀರನ್ನೂ ಇಟ್ಟುಕೊಂಡಿರುತ್ತದೆ. ಅನ್ನ ಬಿಟ್ಟ ಕೂಡಲೇ ಅದು ಖಾಲಿ, ನೀರೂ ಖಾಲಿ. ಮೂರನೇ ತಿಂಗಳಿಗೆ ಬಾಚಣಿಗೆ ತುಂಬ ಕೂದಲು. ಪೌಡರ್ ಬಿಟ್ಟೆ. ಐದು ತಿಂಗಳಲ್ಲಿ ಆರಕ್ಕೆ ಎಂಟು ಕೆಜಿ ಬಡ್ಡಿ ಸಮೇತ ವಾಪಸು ಬಂತು.

ಅದು ನನ್ನೊಬ್ಬನ ಮನಸ್ಸಿನ ದೌರ್ಬಲ್ಯ ಅಂದುಕೊಂಡಿದ್ದೆ. ಹಾಗಲ್ಲ. ಅಮೆರಿಕದ ತೂಕ ಇಳಿಸುವ ಟಿವಿ ಸ್ಪರ್ಧೆಯೊಂದರ ಹದಿನಾಲ್ಕು ಜನರನ್ನು ಆರು ವರ್ಷದ ನಂತರ ಪರೀಕ್ಷಿಸಿ ಕೆವಿನ್ ಹಾಲ್ ಅನ್ನುವ ವಿಜ್ಞಾನಿಯ ತಂಡ 2016ರಲ್ಲಿ ಬರೆದಿತ್ತು. ಹೆಚ್ಚಿನವರ ತೂಕ ವಾಪಸು ಬಂದಿತ್ತು, ಆದರೂ ಅವರ ಮೈ ಸುಮ್ನೆ ಕೂತಾಗ ಸುಡಬೇಕಾದ್ದಕ್ಕಿಂತ ದಿನಕ್ಕೆ ಸುಮಾರು 500 ಕ್ಯಾಲೊರಿ ಕಡಿಮೆ ಸುಡುತ್ತಿತ್ತು. ಮೈ ಬರಗಾಲ ಬಂತು ಅಂದುಕೊಂಡು ಕೈ ಬಿಗಿ ಹಿಡಿದಿತ್ತು. ನಮ್ಮ ಅರಸೀಕೆರೆ ಕಡೆಯವರಿಗೆ ಬರಗಾಲದ ಬುದ್ಧಿ ಬೇರೆ ಯಾರೂ ಹೇಳಿಕೊಡಬೇಕಾಗಿಲ್ಲ.

ಈ ಸಲ ಡಾಕ್ಟರ್ ಕೇಳಿದ್ದು ಒಂದೇ. "ನಿಮ್ಮನೇಲಿ ತಿಂಗಳಿಗೆ ಎಷ್ಟು ಎಣ್ಣೆ ಖರ್ಚಾಗುತ್ತೆ?" ನನಗೆ ಗೊತ್ತಿರಲಿಲ್ಲ. ಹೆಂಡತಿಗೂ ಸರಿಯಾಗಿ ಗೊತ್ತಿರಲಿಲ್ಲ, ತೀರಿದಾಗ ತರುವುದು ಅಷ್ಟೇ. ಹೊಸ ಕ್ಯಾನು ಒಡೆದ ದಿನ ಅದರ ಮೇಲೆ ಒಂದು ಚೂರು ಬಿಳಿ ಟೇಪು ಅಂಟಿಸಿ ಮಾರ್ಕರಿನಲ್ಲಿ ತಾರೀಕು ಬರೆದೆ. ಮೂವತ್ತು ದಿನಕ್ಕೆ ನಾಲ್ಕು ಲೀಟರ್ ಹೋಗಿತ್ತು. ಮನೆಯಲ್ಲಿ ಇರುವುದು ಮೂರು ಜನ. ಒಂದು ಲೀಟರ್ ಎಣ್ಣೆ ಸುಮಾರು 910 ಗ್ರಾಂ, ಗ್ರಾಮಿಗೆ 9 ಕ್ಯಾಲೊರಿ. ತಲೆಗೆ ದಿನಕ್ಕೆ ನಲವತ್ತು ಗ್ರಾಂ, ಅಂದರೆ 360 ಕ್ಯಾಲೊರಿ. ಇದರಲ್ಲಿ ತುಪ್ಪ ಸೇರಿಲ್ಲ, ಕಾಯಿ ಸೇರಿಲ್ಲ, ಹೊರಗಿನ ದೋಸೆಯ ಎಣ್ಣೆ ಸೇರಿಲ್ಲ. ಕರಿದ ತಿಂಡಿ ವಾರಕ್ಕೆ ಒಂದೇ ಸಲ ಮಾಡುವ ಮನೆ ನಮ್ಮದು! ಎಣ್ಣೆ ಹೋಗುತ್ತಿದ್ದದ್ದು ಒಗ್ಗರಣೆಗೆ. ಪಲ್ಯಕ್ಕೊಂದು, ಸಾರಿಗೊಂದು, ಚಿತ್ರಾನ್ನಕ್ಕೊಂದು, ದೋಸೆ ಕಾವಲಿಗೊಂದು, ಕ್ಯಾನಿನ ಬಾಯಿಂದ ಸೀದಾ ಬಾಣಲೆಗೆ. ಕ್ಯಾನಿನ ಬದಲು ಸಣ್ಣ ಗಿಂಡಿ ಮತ್ತು ಒಂದು ಚಮಚ ಇಟ್ಟೆವು. ಬೇರೇನೂ ಮಾಡಲಿಲ್ಲ. ಮುಂದಿನ ಕ್ಯಾನು ತಿಂಗಳಿಗೆ ಎರಡೂವರೆ ಲೀಟರಿಗೆ ಇಳಿಯಿತು. ಸಾರಿನ ರುಚಿ ಬದಲಾಗಿದ್ದು ಮಗನಿಗೆ ಗೊತ್ತೂ ಆಗಲಿಲ್ಲ.

ಕಾಫಿಯದ್ದೂ ಇದೇ ಕಥೆ. ದಿನಕ್ಕೆ ನಾಲ್ಕು ಕಾಫಿ, ಎರಡೆರಡು ಚಮಚ ಸಕ್ಕರೆ, ಒಟ್ಟು ನಲವತ್ತು ಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ ಇಡೀ ದಿನಕ್ಕೆ 25 ಗ್ರಾಮಿಗೆ ನಿಲ್ಲಿಸಿದರೆ ಇನ್ನೂ ಒಳ್ಳೆಯದು ಅನ್ನುತ್ತದೆ. ಸಕ್ಕರೆ ಪೂರ್ತಿ ಬಿಡಲು ನನ್ನ ಕೈಲಾಗಲಿಲ್ಲ. ಅರ್ಧ ಚಮಚಕ್ಕೆ ಬರಲು ಎರಡು ತಿಂಗಳು ಹಿಡಿಯಿತು. ದರ್ಶಿನಿಯಲ್ಲಿ ಬೈಟು ಕಾಫಿ ಅನ್ನುವ ಪದ್ಧತಿಯನ್ನು ಕಂಡುಹಿಡಿದ ಪುಣ್ಯಾತ್ಮನಿಗೆ ಕೈ ಮುಗಿಯಬೇಕು.

ಮುದ್ದೆ ತಿಂದರೆ ಸಣ್ಣ ಆಗುತ್ತಾರೆ ಅಂತ ನಂಬಿ ರಾತ್ರಿ ಎರಡು ಮುದ್ದೆ ನುಂಗುತ್ತಿದ್ದೆ. ರಾಗಿಯಲ್ಲೂ ಅಕ್ಕಿಯಲ್ಲೂ ಕ್ಯಾಲೊರಿ ಹೆಚ್ಚುಕಮ್ಮಿ ಅಕ್ಕಪಕ್ಕವೇ. ನಾರು, ಸುಣ್ಣದ ಅಂಶ ರಾಗಿಯಲ್ಲಿ ಜಾಸ್ತಿ, ಬೇಗ ಹಸಿವಾಗುವುದಿಲ್ಲ, ಒಳ್ಳೆಯದೇ. ಆದರೆ ನಮ್ಮ ತಾತ ಎರಡು ಮುದ್ದೆ ತಿಂದು ಹೋಗುತ್ತಿದ್ದದ್ದು ತೆಂಗಿನ ತೋಟದ ಪಾತಿ ಮಾಡಲು, ನಾನು ತಿಂದು ಹೋಗುತ್ತಿದ್ದದ್ದು ಮಂಚಕ್ಕೆ. ಈಗ ಒಂದು ಮುದ್ದೆ, ಅದರ ಜೊತೆ ಬಸ್ಸಾರಿನ ಕಾಳು ಸೊಪ್ಪು ಮೊದಲಿಗಿಂತ ಎರಡರಷ್ಟು. ಬೇಳೆಕಾಳು, ಮೊಸರು, ಮೊಟ್ಟೆ ಹೀಗೆ ಪ್ರೋಟೀನ್ ಹೆಚ್ಚಿಸುವುದು ಯಾಕೆ ಮುಖ್ಯ ಅಂದರೆ, ತೂಕ ಇಳಿಯುವಾಗ ಕೊಬ್ಬಿನ ಜೊತೆ ಸ್ನಾಯುವೂ ಕರಗುತ್ತದೆ. ಇಳಿದ ತೂಕದ ಕಾಲು ಭಾಗದಷ್ಟು ಹಾಗೆ ಹೋಗಬಹುದು. ಮೊದಲೇ ಸ್ನಾಯುವಿನ ಬಡವರು ನಾವು. ಅದಕ್ಕೇ ಬೆಳಿಗ್ಗೆ ಕುರ್ಚಿಯಿಂದ ಕೈ ಊರದೆ ಏಳುವುದು ಕೂರುವುದು, ಗೋಡೆಗೆ ಕೈಕೊಟ್ಟು ದಂಡ ಹೊಡೆಯುವುದು ಶುರು ಮಾಡಿದೆ. ಮೊದಲ ದಿನ ಹನ್ನೆರಡಕ್ಕೆ ತೊಡೆ ನಡುಗಿತು.

ನಡಿಗೆ ಬಗ್ಗೆ ನನಗೆ ಭ್ರಮೆ ಇತ್ತು. ಒಂದು ಗಂಟೆ ಬೀಸುಗಾಲು ಹಾಕಿದರೆ ನನ್ನಂಥವನಿಗೆ ಕರಗುವುದು 300 ಕ್ಯಾಲೊರಿ ಆಸುಪಾಸು. ಪಾರ್ಕಿನ ಗೇಟಿನ ಎದುರಿಗೇ ಇರುವ ಬೆಣ್ಣೆ ದೋಸೆ ಅದನ್ನು ಹತ್ತು ನಿಮಿಷದಲ್ಲಿ ಬಡ್ಡಿ ಸಮೇತ ವಸೂಲಿ ಮಾಡುತ್ತದೆ. ನಡಿಗೆಯಿಂದ ತೂಕ ಇಳಿಯುವುದಕ್ಕಿಂತ ಇಳಿದದ್ದು ನಿಲ್ಲುತ್ತದೆ, ಬಿಪಿ ಸಕ್ಕರೆ ಹತೋಟಿಗೆ ಬರುತ್ತವೆ, ರಾತ್ರಿ ನಿದ್ದೆ ಬರುತ್ತದೆ. ಅದಕ್ಕಾಗಿ ನಡೆಯಬೇಕು.

ಈಗ ನನ್ನ ಹೆಂಡತಿಯ ವಿಷಯ. ಇದನ್ನು ಬರೆಯದಿದ್ದರೆ ಮೇಲಿನದೆಲ್ಲ ಬರೀ ಜಂಬ ಆಗುತ್ತದೆ. ಇಬ್ಬರೂ ಒಂದೇ ಅಡುಗೆ ತಿಂದೆವು, ಮೊದಲ ಐದು ತಿಂಗಳಿಗೆ ನಾನು ಆರು ಕೆಜಿ ಇಳಿದೆ, ಅವಳು ಒಂದೂವರೆ. ಅವಳಿಗೆ ಥೈರಾಯ್ಡ್ ಇದೆ, ಮಾತ್ರೆಯ ಡೋಸು ಸರಿ ಮಾಡಿಸಿದ ಮೇಲೂ ಅಷ್ಟೇನೂ ಬದಲಾಗಲಿಲ್ಲ. ಥೈರಾಯ್ಡಿನಿಂದ ಏರುವುದು ಸಾಮಾನ್ಯವಾಗಿ ಕೆಲವೇ ಕೆಜಿಯಂತೆ, ಎಲ್ಲವನ್ನೂ ಅದರ ತಲೆಗೆ ಕಟ್ಟುವ ಹಾಗಿಲ್ಲ. ಹಾಗಾದರೆ ಇನ್ನೇನು? ಒಂದು ರಾತ್ರಿ ಸುಮ್ನೆ ಅಡುಗೆಮನೆಯಲ್ಲಿ ನಿಂತಿದ್ದೆ. ಎಲ್ಲರ ಊಟ ಆದ ಮೇಲೆ ಅವಳು ಪಾತ್ರೆಯ ತಳದಲ್ಲಿದ್ದ ಒಂದು ಸಟ್ಟುಗ ಅನ್ನಕ್ಕೆ ಮಿಕ್ಕ ಸಾರು ಸುರಿದು, ನಿಂತೇ ತಿಂದು, ಪಾತ್ರೆ ತೊಳೆಯಲು ಹಾಕಿದಳು. ಅವಳ ಊಟ ಆಗಲೇ ಆಗಿತ್ತು. "ಚೆಲ್ಲೋಕಾಗುತ್ತಾ?" ಅಂದಳು. ಹತ್ತೊಂಬತ್ತು ವರ್ಷದಿಂದ ದಿನಾ ಆ ಒಂದು ಸಟ್ಟುಗ ಅವಳ ಲೆಕ್ಕಕ್ಕೇ ಬಂದಿರಲಿಲ್ಲ, ನನ್ನ ಕಣ್ಣಿಗೂ ಬಿದ್ದಿರಲಿಲ್ಲ. ನಾನು ರಾತ್ರಿ ಒಂಬತ್ತಕ್ಕೆ ಚಪ್ಪಲಿ ಮೆಟ್ಟಿಕೊಂಡು ವಾಕಿಂಗ್ ಹೊರಡುವ ಹೊತ್ತಿಗೆ ಅವಳು ಮರುದಿನದ ದೋಸೆ ಹಿಟ್ಟು ರುಬ್ಬುತ್ತಿದ್ದಳು. ಈಗ ಅಕ್ಕಿ ಅಳತೆ ಅರ್ಧ ಪಾವು ಕಡಿಮೆ ಮಾಡಿದ್ದೇವೆ, ರುಬ್ಬುವುದು ನನ್ನ ಪಾಲಿಗೆ ಬಂದಿದೆ. ಅವಳು ನಿಧಾನವಾಗಿ ಇಳಿಯುತ್ತಿದ್ದಾಳೆ. ಮಂಡಿ ನೋವಿಗೆ ಹೋದರೂ, ತಲೆನೋವಿಗೆ ಹೋದರೂ "ಮೊದಲು ತೂಕ ಇಳಿಸಿ" ಅಂತ ಮುಖ ನೋಡದೇ ಹೇಳುವ ಡಾಕ್ಟರುಗಳನ್ನು ಕಂಡರೆ ಅವಳಿಗೆ ಆಗುವುದಿಲ್ಲ, ಅದರಲ್ಲಿ ನ್ಯಾಯ ಇದೆ.

ಇಂಜೆಕ್ಷನ್ ತಗೊಂಡ್ರೆ ಆಗಲ್ವಾ ಅಂತ ತುಂಬ ಜನ ಕೇಳುತ್ತಾರೆ. 2025ರ ಮಾರ್ಚಿನಲ್ಲಿ ಮೌಂಜಾರೊ, ಜೂನಿನಲ್ಲಿ ವೆಗೋವಿ ಅನ್ನುವ ತೂಕ ಇಳಿಸುವ ಇಂಜೆಕ್ಷನ್ನುಗಳು ಭಾರತಕ್ಕೆ ಬಂದವು. ಅವು ಮೋಸದ ಔಷಧಿಗಳಲ್ಲ, ಹಸಿವನ್ನು ನಿಜವಾಗಿಯೂ ತಗ್ಗಿಸುತ್ತವೆ, ಬೇಕಾದವರಿಗೆ ಬೇಕು, ಅದನ್ನು ತೆಗೆದುಕೊಳ್ಳುವವರನ್ನು ಸೋಮಾರಿ ಅನ್ನುವುದು ತಪ್ಪು. ಆದರೆ ವೆಗೋವಿಯಲ್ಲಿರುವ ಸೆಮಗ್ಲುಟೈಡ್ ನಿಲ್ಲಿಸಿದವರಲ್ಲಿ ಇಳಿದ ತೂಕದ ಮೂರರಲ್ಲಿ ಎರಡು ಪಾಲು ಒಂದೇ ವರ್ಷದಲ್ಲಿ ವಾಪಸು ಬಂದದ್ದು ಅಧ್ಯಯನದಲ್ಲೇ ಕಂಡಿದೆ. ಡಾಕ್ಟರ್ ಚೀಟಿ ಇಲ್ಲದೆ, ಮದುವೆಗೆ ಎರಡು ತಿಂಗಳಿದೆ ಅಂತ ಚುಚ್ಚಿಸಿಕೊಳ್ಳುವ ಸರಕಲ್ಲ ಅದು.

ನನಗೆ ಧೈರ್ಯ ಕೊಟ್ಟದ್ದು ಬೇರೆಯೇ ಒಂದು ಲೆಕ್ಕ. 64ಕ್ಕೆ ವಾಪಸು ಹೋಗಬೇಕಾಗಿಲ್ಲ. ಇರುವ ತೂಕದಲ್ಲಿ ಶೇ. 5ರಿಂದ 10 ಇಳಿದರೇ ಬಿಪಿ, ಸಕ್ಕರೆ, ಲಿವರ್ ಎಲ್ಲದರಲ್ಲೂ ವ್ಯತ್ಯಾಸ ಕಾಣುತ್ತದೆ. ಅಮೆರಿಕದಲ್ಲಿ 2002ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದರಲ್ಲಿ ಹೊಸ್ತಿಲಲ್ಲಿದ್ದವರಿಗೆ ಶೇ. 7 ತೂಕ ಇಳಿಸುವ ಗುರಿ ಮತ್ತು ವಾರಕ್ಕೆ 150 ನಿಮಿಷ ನಡಿಗೆ ಕೊಟ್ಟಾಗ ಸಕ್ಕರೆ ಕಾಯಿಲೆ ಬರುವುದು ಶೇ. 58ರಷ್ಟು ಕಡಿಮೆಯಾಗಿತ್ತು. ನಾನು ಇಪ್ಪತ್ತು ತಿಂಗಳಲ್ಲಿ 86ರಿಂದ 77ಕ್ಕೆ ಬಂದೆ. ಸೀದಾ ಇಳಿಜಾರೇನೂ ಅಲ್ಲ. ಒಂದು ದಸರಾ ದೀಪಾವಳಿಗೆ ಎರಡೂವರೆ ಕೆಜಿ ಏರಿದೆ, ಮೂರು ತಿಂಗಳು ಮುಳ್ಳು ಅಲ್ಲಾಡಲೇ ಇಲ್ಲ. ಎಚ್‌ಬಿಎ1ಸಿ 5.6, ಬಿಪಿ 128/82. ಹೆಂಡತಿಯ ರೆಕಾರ್ಡಿಂಗಿನಲ್ಲಿ ಈಗ ಬರೀ ಗೊರಕೆ ಇದೆ, ಆ ನಿಶ್ಶಬ್ದ ಬಹುಪಾಲು ಇಲ್ಲ. ನಮ್ಮ ಗೆರೆಯ ಪ್ರಕಾರ ನಾನು ಇನ್ನೂ ಬೊಜ್ಜಿನವನೇ.

ಹೋದ ತಿಂಗಳು ಊರಿಗೆ ಹೋದಾಗ ಆ ಮದುವೆ ಪ್ಯಾಂಟು ತಗೊಂಡು ಹೋಗಿದ್ದೆ, ಸೊಂಟ ಬಿಗಿ ಮಾಡಿಸೋಣ ಅಂತ. ಟೈಲರ್ ಟೇಪು ಹಿಡಿದು "ಮೂವತ್ತಾರೂವರೆ" ಅಂದರು. ಪುಸ್ತಕದಲ್ಲಿ ನಲವತ್ತೊಂದರ ಕೆಳಗೆ ಬರೆದುಕೊಂಡರು, ಹಳೆಯದನ್ನು ಹೊಡೆದು ಹಾಕಲಿಲ್ಲ. ಹೊಲಿಗೆ ಬಿಚ್ಚಿ ಒಳಕ್ಕೆ ಮಡಚಿ ಪಿನ್ನು ಹಾಕಿದರು. ಹಿಂದುಗಡೆ ಬಟ್ಟೆ ದಪ್ಪ ಆಗಿ ಉಬ್ಬಿ ಕಾಣುತ್ತದೆ, ಮಿಕ್ಕಿದ್ದನ್ನು ಕತ್ತರಿಸಿಬಿಡಿ ಅಂದೆ. ಅವರು ಕನ್ನಡಕದ ಮೇಲಿಂದ ನೋಡಿ, ಕತ್ತರಿಯನ್ನು ಪಕ್ಕಕ್ಕೆ ಸರಿಸಿದರು.

"ಬಟ್ಟೆ ಒಳಗೇ ಇರ್ಲಿ ಕಣಪ್ಪ. ಮುಂದಿನ ವರ್ಷ ನೋಡೋಣ."